ಎರಡು ಬಾಗಿಲಿನ ಆಷಾಢ

ಅಂಡಮಾನಿನಿಂದ ಬಂದ ಮರುದಿನ ಬೆಳಿಗ್ಗೆ ಶಾಂತಕುಮಾರ ಬಚ್ಚಲೊಳಗಿನಿಂದ "ಟವೆಲ್!" ಎಂದು ಕೂಗಿದ.

ಅಡಿಗೆಮನೆಯಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ಭಾಗ್ಯಶ್ರೀಗೆ ಅದು ತನ್ನನ್ನು ಕುರಿತದ್ದೆಂದು ಮೊದಲು ಹೊಳೆಯಲೇ ಇಲ್ಲ. ಹಿಂದಿನ ವಾರವಿಡೀ ಅವಳು ಸಮುದ್ರದಿಂದ ಎದ್ದು ಬಂದಾಗಲೆಲ್ಲ ಟವೆಲ್ ಹಿಡಿದು ದಂಡೆಗುಂಟ ಓಡಿ ಬರುತ್ತಿದ್ದ ಮನುಷ್ಯ ಇವನೇ. ಅವಳ ಚಪ್ಪಲಿಯೊಳಗಿನ ಮರಳು ಝಾಡಿಸಿದವನು, ಎಳನೀರಿನ ಗಂಜಿಯನ್ನು ಚಮಚೆಯಿಂದ ಎಬ್ಬಿಸಿ ಕೊಟ್ಟವನು, "ಮನಿಗೆ ಹೋದ ಮ್ಯಾಲೂ ಬೆಳಗಿನ ಚಹಾ ನನ್ದಽ" ಎಂದು ಅಷ್ಟು ದೊಡ್ಡ ಸಮುದ್ರವನ್ನು ಸಾಕ್ಷಿಯಾಗಿಟ್ಟುಕೊಂಡು ಮಾತು ಕೊಟ್ಟವನು. ವಿಮಾನ ಇಳಿದು ಹೈದರಾಬಾದಿನ ಕುಷಾಯಿಗೂಡದ ಮನೆಯ ಗೇಟು ತೆಗೆದದ್ದೇ ತಡ, ಆ ಮನುಷ್ಯ ಎಲ್ಲಿ ಇಳಿದು ಹೋದನೋ ಗೊತ್ತಿಲ್ಲ. ಸೂಟ್‌ಕೇಸ್ ಜೊತೆಗೆ ಮನೆಯೊಳಗೆ ಬಂದವನು ಬಸಲಿಂಗಮ್ಮನ ಮಗ.

"ಭಾಗ್ಯಾ, ಟವೆಲ್ ಅಂದ್ನೆಲ್ಲ!"

"ಕೊಡವ್ವ, ಒದ್ದಿ ಮೈಲೆ ನಿಂತಾನ," ಎಂದಳು ರೊಟ್ಟಿ ಬಡಿಯುತ್ತಿದ್ದ ಅತ್ತೆ ಬಸಲಿಂಗಮ್ಮ, ತಲೆ ಎತ್ತದೆ. ಭಾಗ್ಯಶ್ರೀ ಹಿಟ್ಟಿನ ಕೈ ತೊಳೆದುಕೊಂಡು ಟವೆಲ್ ಕೊಟ್ಟು ಬಂದಳು. ಅದು ಬಚ್ಚಲಿನ ಹೊರಗೆ ಹಗ್ಗದ ಮೇಲೆಯೇ ಇತ್ತು.

ಮನೆ ದೊಡ್ಡದಲ್ಲ, ಮಂದಿಯೂ ಭಾಳ ಇಲ್ಲ. ಮಾವ ಅಮೃತಪ್ಪ ಹುಡುಗನಿದ್ದಾಗ ಮಸ್ಕಿ ಕಡೆಯಿಂದ ಹೈದರಾಬಾದಿಗೆ ಬಂದು, ಪಕ್ಕದ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತನಾದವನು. ಯಾವ ತೊಂದರೆ ಬಂದರೂ ಪೆನ್ಸಿಲ್ ಹುಡುಕಿ ನಕ್ಷೆ ಬರೆಯುವುದು ಅವನ ಚಟ. ಮಗ ಶಾಂತಕುಮಾರ ಬ್ಯಾಂಕಿನಲ್ಲಿ ಗುಮಾಸ್ತ. ಮಗಳು ಪಿಂಕಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ, ಹೊರಗೆ ತೆಲುಗು ಹಿಂದಿ ಪಟಪಟ, ಮನೆಯಲ್ಲಿ ಅಪ್ಪಟ ರಾಯಚೂರು. ಭಾಗ್ಯಶ್ರೀ ಲಿಂಗಸೂಗೂರಿನ ಮಾಸ್ತರರ ಮಗಳು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ನಾರಾಯಣಗೂಡದ ಹಾಸ್ಟೆಲಿನಲ್ಲಿದ್ದುಕೊಂಡು ಅಲ್ಲೇ ಒಂದು ಕೋಚಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಈಗ ಅದೇ ಕಾಲೇಜಿಗೆ ಕುಷಾಯಿಗೂಡದಿಂದ ಬಸ್ಸು ಹಿಡಿದು ಹೋಗಬೇಕು.

ಅಂದು ಸಂಜೆ ಪಿಂಕಿ ಮೊಬೈಲಿನಲ್ಲಿ ದ್ವೀಪದ ಫೋಟೋಗಳನ್ನೆಲ್ಲ ತೋರಿಸಿದಳು. ಬಸಲಿಂಗಮ್ಮ ಕನ್ನಡಕ ಏರಿಸಿ ನೋಡಿ, "ಇಷ್ಟ್ ಕರ್ರಗ ಆಗಿ ಬಂದೀರಲ್ಲ, ಬಿಸಲಾಗ ಹೊಲದ ಬದು ಹಾಕಾಕ ಹೋಗಿದ್ರೇನು?" ಎಂದಳು.

"ಯವ್ವಾ, ಅದು ಬೀಚು," ಎಂದಳು ಪಿಂಕಿ.

"ಇರ್ಲಿ ಬಿಡು. ನೀರು ನೋಡಾಕ ವಿಮಾನದಾಗ ಹೋಗ್ಬೇಕೇನು? ನಮ್ಮನಿ ನಳದಾಗ ಬರೋದು ಮೊದ್ಲು ನೋಡ್ರಿ."

ಆದರೂ ಇನ್ನೊಂದು ಸಲ ತೋರಿಸು ಎಂದು ಮೊಬೈಲ್ ಈಸಿಕೊಂಡವಳೂ ಅವಳೇ.

ಮೊದಲ ಹತ್ತು ದಿನ ಹೇಗೋ ಸಾಗಿತು. ಭಾಗ್ಯಶ್ರೀಯ ರೊಟ್ಟಿಯ ಅಂಚು ಹರಿಯುತ್ತಿತ್ತು, ಬಸಲಿಂಗಮ್ಮನ ನಾಲಗೆ ಹರಿಯುತ್ತಿತ್ತು. ರೊಟ್ಟಿ ಅತ್ತೆಯದು, ಪಲ್ಯ ಸೊಸೆಯದು ಎಂದು ತಾನಾಗಿ ಹಂಚಿಕೆಯಾಯಿತು. ಚಹಾದ ಮಾತನ್ನು ಶಾಂತಕುಮಾರ ಎತ್ತಲಿಲ್ಲ. ಭಾಗ್ಯಶ್ರೀಯೇ ಒಂದು ದಿನ ನೆನಪಿಸಿದಾಗ, "ಅವ್ವನ ಮುಂದ ನಾ ಒಲಿ ಮುಂದ ನಿಂತ್ರ ಆಕಿಗೆ ಬ್ಯಾಸರ ಆಗ್ತೈತಿ," ಎಂದ. ಅವ್ವನಿಗೆ ಬೇಸರವಾಗಬಾರದೆಂದು ಒಬ್ಬ ಮನುಷ್ಯ ಎಷ್ಟೊಂದು ಕೆಲಸ ಬಿಡಬಲ್ಲ ಎನ್ನುವುದು ಭಾಗ್ಯಶ್ರೀಗೆ ನಿಧಾನಕ್ಕೆ ತಿಳಿಯುತ್ತಾ ಬಂತು.

ಒಂದು ರಾತ್ರಿ ಊಟಕ್ಕೆ ಕೂತಾಗ ಬಸಲಿಂಗಮ್ಮ ಪುಂಡಿಪಲ್ಯ ಬಡಿಸುತ್ತಾ ವಿಷಯ ತೆಗೆದಳು.

"ಬರೂ ವಾರ ಮಣ್ಣೆತ್ತಿನ ಅಮಾಸಿ. ಮರುದಿನದಿಂದ ಆಷಾಢ. ನಿಮ್ಮಪ್ಪಗ ಫೋನ್ ಮಾಡವ್ವ, ಬಂದು ಕರ್ಕೊಂಡ್ ಹೋಗ್ಲಿ."

"ಎಷ್ಟ್ ದಿನಕ್ರಿ ಅತ್ತೀ?"

"ಎಷ್ಟ್ ದಿನ ಅಂದ್ರ? ಆಷಾಢ ಮುಗಿಯೂತನಕ. ಮದುವಿ ಆದ ಮೊದಲ್ನೇ ಆಷಾಢದಾಗ ಅತ್ತಿ-ಸೊಸಿ ಒಂದಽ ಹೊಸಲು ದಾಟಬಾರದು. ನಿಮ್ಮವ್ವ ಹೇಳಿಲ್ಲೇನು?"

ಭಾಗ್ಯಶ್ರೀಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಈ ವರ್ಷ ಕಾಲೇಜಿನಲ್ಲಿ ಅವಳಿಗೆ ಲಾಂಗ್‌ಟರ್ಮ್ ಬ್ಯಾಚ್ ಕೊಟ್ಟಿದ್ದರು. ಮೆಡಿಕಲ್ ಸೀಟಿಗೆಂದು ಮತ್ತೊಂದು ವರ್ಷ ಕುಳಿತು ಓದುವ ಹುಡುಗರ ಬ್ಯಾಚ್ ಅದು. ಅದನ್ನು ನಡೆಸಿದವರನ್ನೇ ಆ ಕಾಲೇಜು ಸೀನಿಯರ್ ಎಂದು ಲೆಕ್ಕಕ್ಕೆ ಹಿಡಿಯುತ್ತಿತ್ತು. ಇಷ್ಟು ವರ್ಷ ಹೊಸ ಹುಡುಗರಿಗೆ ಅಣು ಪರಮಾಣು ಕಲಿಸಿ ಕಲಿಸಿ ಬೇಸತ್ತು, ಕೇಳಿ ಕೇಳಿ ಪಡೆದುಕೊಂಡದ್ದು. ಒಂದು ತಿಂಗಳು ಹೋದರೆ ಬ್ಯಾಚ್ ಅದೇ ಕೆಮಿಸ್ಟ್ರಿ ಹೇಳುವ ಪಕ್ಕದ ಸ್ಟಾಫ್‌ರೂಮಿನ ಶ್ರೀಹರ್ಷ ಸರ್‌ಗೆ ಹೋಗುತ್ತಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ.

"ನನಗ ರಜಾ ಇಲ್ರಿ. ಇದ್ದದ್ದೆಲ್ಲ ಮದುವಿಗೆ, ಅಂಡಮಾನಿಗೆ ಮುಗದೈತಿ. ಹೊಸ ಬ್ಯಾಚ್ ಶುರು ಆಗ್ತೈತಿ. ಈಗ ಬಿಟ್ರ ಮತ್ತ ಕೊಡಂಗಿಲ್ಲ."

"ಸಮುದ್ರ ನೋಡಾಕ ರಜಾ ಸಿಕ್ತು, ತವರಿಗೆ ಹೋಗಾಕ ಸಿಗಂಗಿಲ್ಲೇನು?"

ಭಾಗ್ಯಶ್ರೀ ಗಂಡನ ಕಡೆ ನೋಡಿದಳು. ಅವನು ತಾಟಿನಲ್ಲಿ ಸಾಸಿವೆ ಆರಿಸುವವನ ಹಾಗೆ ತಲೆ ಬಗ್ಗಿಸಿದ್ದ.

"ನೀವಾದ್ರೂ ಹೇಳ್ರಿ."

"ಅವ್ವ ಹೇಳೂದೂ ಖರೆ ಐತಿ, ನೀ ಹೇಳೂದೂ ಖರೆ ಐತಿ," ಎಂದ ಶಾಂತಕುಮಾರ, ದೊಡ್ಡ ನ್ಯಾಯ ತೀರ್ಮಾನಿಸಿದವನ ಹಾಗೆ. ಭಾಗ್ಯಶ್ರೀಗೆ ತಾಟು ಎತ್ತಿ ಎದುರಿನ ಗೋಡೆಗೆ ಎಸೆಯಬೇಕೆನಿಸಿತು.

"ಹಂಗಾದ್ರ ನಾ ಒಂದು ತಿಂಗಳು ನಾರಾಯಣಗೂಡ ಹಾಸ್ಟೆಲ್‌ನಾಗ ಇರ್ತೀನ್ರಿ. ಹೊಸಲು ದಾಟೂ ಮಾತಽ ಬರಂಗಿಲ್ಲ."

"ಏನಂದಿ? ಕೊಳ್ಳಾಗ ತಾಳಿ ಹೊಸಾದೈತಿ, ಹಾಸ್ಟೆಲ್‌ನಾಗ ಇರ್ತಾಳಂತ! ನಾಳೆ ಮಂದಿ, ಬಸಲಿಂಗಮ್ಮ ಸೊಸಿನ್ನ ಹೊರಗ ಹಾಕಿದ್ಲು ಅಂತಾರ."

ಲಿಂಗಸೂಗೂರಿಗೆ ಫೋನ್ ಮಾಡಿದರೆ ಅಲ್ಲಿಯೂ ಅದೇ ಕತೆ. ಅಪ್ಪ, "ನಾ ಬರಲೇನು ಕರ್ಕೊಂಡ್ ಹೋಗಾಕ?" ಎಂದ. ಅವ್ವ, "ಕೆಲಸ ಎಲ್ಲಿಗೆ ಹೋಗ್ತೈತವ್ವ, ಮೊದ್ಲು ಅತ್ತಿ ಮನಸು ನೋಡು," ಎಂದು ಮೂಗು ಒರೆಸಿಕೊಂಡಳು. ಕೆಲಸ ಎಲ್ಲಿಗೆ ಹೋಗುತ್ತದೆಂದು ಭಾಗ್ಯಶ್ರೀಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಸ್ಟಾಫ್‌ರೂಮಿಗೆ.

ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅಮೃತಪ್ಪ ಪೆನ್ಸಿಲ್ ಹುಡುಕಿದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಯ ನಕ್ಷೆ ಬರೆದು ಎಲ್ಲರನ್ನೂ ಕೂಡಿಸಿದ.

"ನೋಡ್ರಿ. ಮನಿಗೆ ಎರಡು ಬಾಗಲಾ ಅದಾವ. ಮುಂದಿನ್ದು ರಸ್ತಾಕ್ಕ. ಹಿಂದಿನ್ದು ಅಡಿಗಿಮನ್ಯಾಗಿಂದ ಹಿತ್ತಲಕ್ಕ. ಅಡಿಗಿಮನಿ, ಅದರ ಬಾಜೂಕಿನ ಖೋಲಿ, ಹಿಂದಿನ ಬಾಗಲಾ ಭಾಗ್ಯಮ್ಮಂದು. ಮುಂದಿನ ಬಾಗಲಾ, ನಡುಮನಿ, ದೇವರ ಖೋಲಿ ನಿಮ್ಮತ್ತೀದು. ನಡುವ ಒಂದು ಪರದಾ. ಕೈ ದಾಟಬಹುದು, ಕಾಲು ದಾಟಂಗಿಲ್ಲ. ಆತಿಲ್ಲೋ?"

"ನಾವು?" ಎಂದಳು ಪಿಂಕಿ.

"ನಾವು ಎಲ್ಲಾ ಕಡೆ ಅಡ್ಡಾಡಬಹುದು."

ಬಸಲಿಂಗಮ್ಮ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕವಿತಾಳದಲ್ಲಿದ್ದ ತನ್ನ ಅವ್ವನಿಗೆ ಫೋನು ಹಚ್ಚಿ ಕೇಳಿದಳು. ಹಂಪಮ್ಮಜ್ಜಿಗೆ ಕಿವಿ ಮಂದ. "ಹೊಸಲು ಬ್ಯಾರೆ ಇದ್ರ ನಡೀತೈತಿ" ಎಂದು ಅವಳು ಹೇಳಿದಳೆಂದು ಇವಳು ತಿಳಿದುಕೊಂಡಳು. ಆಮೇಲೆ ಯಾರ ಮುಖವನ್ನೂ ನೋಡದೆ, "ಶಾಂತ್ಯಾ ಆಷಾಢ ಮುಗಿಯೂತನಕ ನಡುಮನ್ಯಾಗ ಮಲಗ್ಲಿ," ಎಂದಳು. ಶಾಂತಕುಮಾರನ ಮುಖ ಇಳಿಯಿತು. ಭಾಗ್ಯಶ್ರೀಗೆ ಅದೊಂದೇ ವಿಷಯದಲ್ಲಿ ಸ್ವಲ್ಪ ಖುಷಿಯಾಯಿತು.

ಕ್ಯಾಲೆಂಡರಿನ ಮೇಲೆ ಚಂದ ಕಂಡ ಮನೆ ಬದುಕಲಿಕ್ಕೆ ಹೋದಾಗ ಬೇರೆಯೇ ಆಯಿತು. ಅತ್ತೆ ಅಡಿಗೆಮನೆಗೆ ಕಾಲಿಡುವಂತಿಲ್ಲ ಎಂದಮೇಲೆ ರೊಟ್ಟಿ, ಪಲ್ಯ, ಬೇಳೆ, ಮೂರು ಡಬ್ಬಿ, ಎರಡು ಸಲದ ಚಹಾ, ಪಾತ್ರೆ ಎಲ್ಲವೂ ಸೊಸೆಯ ಕೊರಳಿಗೆ ಬಿತ್ತು. ಬಸಲಿಂಗಮ್ಮ ನಡುಮನೆಯಲ್ಲಿ ಪರದೆಯ ಆಚೆ ಕುರ್ಚಿ ಹಾಕಿಕೊಂಡು ಕೂತಳು. ಕಾಲು ದಾಟಬಾರದು ನಿಜ, ಬಾಯಿ ದಾಟಬಾರದೆಂದು ನಕ್ಷೆಯಲ್ಲಿ ಬರೆದಿರಲಿಲ್ಲ.

"ಹಂಚು ಕಾದೈತೇನು? ಸಪ್ಪಳ ಬರವಲ್ದು."

"ಕಾದೈತ್ರಿ."

"ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಕಡಿಮಿ ಬಿದ್ದೈತಿ. ವಾಸನಿ ಹೇಳ್ತೈತಿ."

"ಹಾಕ್ತೀನ್ರಿ."

"ಹಾಲು ಉಕ್ತು ನೋಡು."

ಉಕ್ಕಿರುತ್ತಿತ್ತು.

ಬಸಲಿಂಗಮ್ಮನ ಕಷ್ಟವೂ ಕಡಿಮೆಯದಲ್ಲ. ಬಚ್ಚಲು, ಪಾಯಖಾನೆ ಎರಡೂ ಹಿತ್ತಲಲ್ಲಿದ್ದವು. ಅಡಿಗೆಮನೆ ದಾಟಿ ನಾಲ್ಕು ಹೆಜ್ಜೆಯಲ್ಲಿ ಹೋಗುತ್ತಿದ್ದವಳು ಈಗ ಮುಂದಿನ ಬಾಗಿಲಿನಿಂದ ಹೊರಬಿದ್ದು, ಕಾಂಪೌಂಡಿಗೆ ಅಂಟಿದ ಇಕ್ಕಟ್ಟಿನ ಸಂದಿಯಲ್ಲಿ ಮೊಣಕಾಲು ಹಿಡಿದುಕೊಂಡು ಮನೆ ಸುತ್ತಬೇಕು. ಹೆಗಲ ಮೇಲೆ ಸೀರೆ, ಕೈಯಲ್ಲಿ ಸೋಪಿನ ಡಬ್ಬಿ. ಎದುರು ಮನೆಯ ತೆಲುಗು ಹೆಂಗಸು ದಿನಾ ಗೇಟಿನಲ್ಲಿ ನಿಂತು ನೋಡಿ, "ಏಮಯಿಂದಿ ವದಿನಾ?" ಎಂದು, ಏನಾಯಿತು ಅತ್ತಿಗೆ ಎಂದು, ಕೇಳುವಳು. "ಆಷಾಢಂ" ಎಂದು ಇವಳು ಹೇಳುವಳು. ಆಷಾಢಕ್ಕೂ ಮನೆ ಸುತ್ತುವುದಕ್ಕೂ ಏನು ಸಂಬಂಧ ಎಂದು ಆಕೆ ಮಧ್ಯಾಹ್ನ ನಾಲ್ಕು ಮನೆಗೆ ಹೋಗಿ ವಿಚಾರಿಸುವಳು.

ಹೀಗಿರುತ್ತಾ ಒಂದು ಶನಿವಾರ ಬಸಲಿಂಗಮ್ಮ ಪಿಂಕಿಯನ್ನು ಕರೆದುಕೊಂಡು ಸುಲ್ತಾನ್ ಬಜಾರಿಗೆ ಹೋಗಿ, ಆಷಾಢದ ಡಿಸ್ಕೌಂಟಿನಲ್ಲಿ ಮೂರು ಸೀರೆ ತಂದಳು. ಕಾಲೇಜಿನಿಂದ ಬಂದ ಭಾಗ್ಯಶ್ರೀಗೆ ಪರದೆಯ ಕೆಳಗಿನಿಂದ ಒಂದನ್ನು ನೂಕಿದಳು.

"ಇದು ನಿನಗ. ಬಣ್ಣ ಹೆಂಗೈತಿ?"

"ಚೊಲೊ ಐತ್ರಿ. ಆಷಾಢದಾಗ ಹೊಸಾ ಸೀರಿ ತರಬಹುದೇನ್ರಿ?"

"ತರಬಹುದು, ಉಡಬಾರದು."

"ಇದ್ಯಾವ ಶಾಸ್ತ್ರರಿ?"

"ಡಿಸ್ಕೌಂಟ್ ಶಾಸ್ತ್ರ," ಎಂದಳು ಪಿಂಕಿ. ಬಸಲಿಂಗಮ್ಮ ಮಗಳ ಬೆನ್ನಿಗೆ ಗುದ್ದಿದ ಸದ್ದು ಪರದೆಯ ಈಚೆಗೂ ಕೇಳಿತು.

ನಗಲು ಭಾಗ್ಯಶ್ರೀಗೆ ಶಕ್ತಿ ಇರಲಿಲ್ಲ. ಕತ್ತಲೆಯಲ್ಲೇ ಎದ್ದು ಹಿಟ್ಟು ನಾದಿ, ಎಲ್ಲರ ಡಬ್ಬಿ ಕಟ್ಟಿ, ಹಿಂದಿನ ಬಾಗಿಲಿನಿಂದ ಓಡಿ ಬಸ್ಸು ಹಿಡಿಯುವ ಹೊತ್ತಿಗೆ ಅದು ತುಂಬಿ ಹೋಗಿರುತ್ತಿತ್ತು. ಕಾಲೇಜಿಗೆ ಮೇಲಿಂದ ಮೇಲೆ ತಡವಾಯಿತು. ಒಂದು ದಿನ ಅವಳು ಏದುಸಿರು ಬಿಡುತ್ತಾ ಹೋದಾಗ ಬ್ಯಾಚಿನ ಬಾಗಿಲಲ್ಲಿ ಶ್ರೀಹರ್ಷ ಸರ್ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದ. "ಏನಿಲ್ಲ ಮೇಡಂ, ಹುಡುಗರು ಗದ್ದಲ ಮಾಡ್ತಿದ್ದರು," ಎಂದು ಬಹಳ ಮರ್ಯಾದೆಯಿಂದ ಹೇಳಿದ. ಆ ಮರ್ಯಾದೆಯೇ ಅವಳ ಹೊಟ್ಟೆ ಉರಿಸಿತು. ಪ್ರಿನ್ಸಿಪಾಲರು ಕರೆದು ತೆಲುಗಿನಲ್ಲಿ ಮೆತ್ತಗೆ ತಿಳಿಸಿದರು: ಭಾನುವಾರ ಮೊದಲ ದೊಡ್ಡ ಟೆಸ್ಟ್ ಇದೆ, ಅವತ್ತೂ ತಡವಾದರೆ ಬ್ಯಾಚನ್ನು ಬೇರೆಯವರಿಗೆ ಕೊಡುವುದೇ ಒಳ್ಳೆಯದು.

ಅಂದು ಸಂಜೆ ಅವಳು ಶಾಂತಕುಮಾರನನ್ನು ಹಿತ್ತಲಿಗೆ ಕರೆದಳು.

"ನೋಡ್ರಿ, ನನ್ನ ಕೈಲಿ ಆಗವಲ್ದು. ಬೆಳಗಿನ ಡಬ್ಬಿ ಒಂದು ನೀವು ಕಟ್ರಿ. ಇಲ್ಲಾ ಪಾತ್ರಿ ತೊಳೀರಿ. ಎರಡರಾಗ ಒಂದು."

"ಒಂದು ತಿಂಗಳದ ಮಾತು ಭಾಗ್ಯಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

"ನಾನಽ ಯಾಕ?"

"ಮತ್ತ್ಯಾರು? ಅವ್ವ ಒಳಗ ಬರಂಗಿಲ್ಲ."

"ನೀವು ಬರಬಹುದಲ್ರಿ? ನಿಮಗ ಯಾವ ಹೊಸಲು ಅಡ್ಡ ಐತಿ?"

ಶಾಂತಕುಮಾರ ಉತ್ತರಕ್ಕಾಗಿ ಹಿತ್ತಲಿನ ಕರಿಬೇವಿನ ಗಿಡವನ್ನು ನೋಡಿದ. ಗಿಡ ಏನೂ ಹೇಳಿಕೊಡಲಿಲ್ಲ. "ಭಾನುವಾರ ನೋಡೂನು," ಎಂದು ಒಳಗೆ ಹೋದ.

ಭಾನುವಾರ ನಸುಕಿನಿಂದಲೇ ಮಳೆ. ಭಾಗ್ಯಶ್ರೀ ಉಪ್ಪಿಟ್ಟು ಕೆದಕಿ ಮುಚ್ಚಿಟ್ಟು, ಸೀರೆಗೆ ಪಿನ್ನು ಚುಚ್ಚುತ್ತಿದ್ದಳು. ಆಗ ಸಂದಿಯ ಕಡೆಯಿಂದ ಸೋಪಿನ ಡಬ್ಬಿ ಬಿದ್ದ ಸದ್ದು, ಹಿಂದೆಯೇ "ಯವ್ವಾ!" ಎಂಬ ಕೂಗು. ಓಡಿಹೋಗಿ ನೋಡಿದರೆ ಬಸಲಿಂಗಮ್ಮ ಕೆಸರಿನಲ್ಲಿ ಕುಳಿತಿದ್ದಳು. ಒಂದು ಕಾಲು ಮಡಚಿತ್ತು, ಹೆಗಲ ಮೇಲಿನ ಒಗೆದ ಸೀರೆ ಕೆಸರು ಪಾಲಾಗಿತ್ತು.

ಭಾಗ್ಯಶ್ರೀ ಹಿಂದೆಮುಂದೆ ನೋಡಲಿಲ್ಲ. ಎರಡೂ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಅತ್ತೆಯ ಭಾರವನ್ನೆಲ್ಲ ತನ್ನ ಮೇಲೆ ಹಾಕಿಕೊಂಡು, ಹತ್ತಿರದ ಬಾಗಿಲಿನಿಂದ ಒಳಗೆ ಕರೆತಂದಳು. ಹತ್ತಿರದ ಬಾಗಿಲು ಹಿಂದಿನದು. ಇಬ್ಬರೂ ಒಂದೇ ಹೊಸಿಲನ್ನು ಒಂದೇ ಸಲ ಕೈ ಕೈ ಹಿಡಿದು ದಾಟಿದ ಮೇಲೆಯೇ ಇಬ್ಬರಿಗೂ ಅದು ಹೊಳೆದದ್ದು. ಪರದೆ ಸರಿಸಿ ಬಂದ ಅಮೃತಪ್ಪ ಮೊದಲು ಹೊಸಿಲು ನೋಡಿದ, ಆಮೇಲೆ ಇಬ್ಬರನ್ನೂ ನೋಡಿದ.

ಮೂಳೆಗೆ ಏನೂ ಆಗಿರಲಿಲ್ಲ, ಕಾಲು ಉಳುಕಿತ್ತು. ಬಸಲಿಂಗಮ್ಮ ಅಡಿಗೆಮನೆಯ ಮಣೆಯ ಮೇಲೆ ಕುಳಿತಳು, ಭಾಗ್ಯಶ್ರೀ ಎಣ್ಣೆ ಬಿಸಿ ಮಾಡಿ ತಿಕ್ಕತೊಡಗಿದಳು. ಎಷ್ಟೋ ದಿನದ ಮೇಲೆ ತನ್ನ ಅಡಿಗೆಮನೆ ನೋಡುತ್ತಿದ್ದ ಬಸಲಿಂಗಮ್ಮನ ಕಣ್ಣು ರಾತ್ರಿಯ ಪಾತ್ರೆಯ ರಾಶಿಯ ಮೇಲೆ, ಒಲೆಯ ಪಕ್ಕದಲ್ಲಿ ತೆರೆದಿಟ್ಟಿದ್ದ ಕೆಮಿಸ್ಟ್ರಿ ಪುಸ್ತಕದ ಮೇಲೆ, ಅದರ ಹಾಳೆಗಳ ಮೇಲಿನ ಹಿಟ್ಟಿನ ಬೆರಳುಗಳ ಮೇಲೆ ಒಂದೊಂದಾಗಿ ಹೋಯಿತು.

ಆಗ ಶಾಂತಕುಮಾರ ಬಾಯಿ ಬಿಟ್ಟ. ಬಿಡದಿದ್ದರೆ ಚೆನ್ನಾಗಿತ್ತು.

"ಇದಕ್ಕಽ ಹೇಳಿದ್ದು. ಒಂದು ತಿಂಗಳು ಸುಮ್ನ ತವರಿಗೆ ಹೋಗಿದ್ರ ಅವ್ವಗ ಹಿಂಗ ಆಗ್ತಿತ್ತೇನು?"

ಭಾಗ್ಯಶ್ರೀ ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಇಷ್ಟು ದಿನ ಹಲ್ಲು ಕಚ್ಚಿ ತಡೆದದ್ದೆಲ್ಲ ಒಮ್ಮೆಲೇ ಬಂತು.

"ನಾ ಬೀಳಸಿದ್ನೇನ್ರಿ ಅತ್ತೀನ್ನ? ಶಾಸ್ತ್ರ ಮಾಡಿದಾಕಿ ನಾನಲ್ಲ, ನಕ್ಷಾ ಬರದಾಕಿ ನಾನಲ್ಲ. ರೊಟ್ಟಿ ಬಡಿದಾಕಿ ಮಾತ್ರ ನಾನು! ಅತ್ತಿ-ಸೊಸಿ ಕೂಡಿ ಇರಬಾರದು ಅಂದ್ರ ಇಬ್ಬರಾಗ ಒಬ್ರು ಹೋಗ್ಬೇಕು. ಆ ಒಬ್ರು ನಾನಽ ಆಗ್ಬೇಕಂತ ಯಾವ ಶಾಸ್ತ್ರದಾಗ ಐತಿ? ಇವತ್ತು ತಡಾ ಆದ್ರ ನನ್ನ ಬ್ಯಾಚ್ ಹೋಗ್ತೈತಿ, ನಿಮಗ ಗೊತ್ತೈತಿ. ಗೊತ್ತಿದ್ದೂ ಬಾಯಿ ತೆಗೀಲಿಲ್ಲ ನೀವು. ಅಲ್ಲಿ ನನ್ನ ಚಪ್ಪಲಿ ಹಿಡ್ಕೊಂಡು ಅಡ್ಡಾಡಿದ್ರಿ. ಯಾರಿಗೆ ಬೇಕಾಗಿತ್ತು ಅದು? ಇಲ್ಲಿ ಒಂದು ಮಾತು ಆಡಿದ್ರ ಸಾಕಾಗಿತ್ತು ನನಗ!"

ಪಿಂಕಿ ಪರದೆ ಹಿಡಿದು ನಿಂತಿದ್ದಳು. ಅಮೃತಪ್ಪ ಕನ್ನಡಕ ತೆಗೆದು ಒರೆಸಿದ. ಎಲ್ಲರೂ ಈಗ ಬಸಲಿಂಗಮ್ಮ ಸಿಡಿಯುತ್ತಾಳೆ ಎಂದು ಕಾದರು.

"ಟೆಸ್ಟ್ ಎಷ್ಟೊತ್ತಿಗೆ?" ಎಂದಳು ಬಸಲಿಂಗಮ್ಮ.

"ಹೊತ್ತಾತ್ರಿ. ಇನ್ನ ಬಸ್ಸಿಗೆ ಹೋದ್ರ ಮುಟ್ಟಂಗಿಲ್ಲ."

"ಶಾಂತ್ಯಾ, ಗಾಡಿ ತೆಗಿ. ಬಿಟ್ಟು ಬಾ ಆಕಿನ್ನ."

"ಮಳಿ ಐತಿ ಯವ್ವಾ..."

"ಸಮುದ್ರದಾಗ ಮುಳುಗಿ ಬಂದಾಂವಗ ಮಳಿ ಏನ್ ಮಾಡ್ತೈತಿ? ತೆಗಿ ಅಂದ್ನೆಲ್ಲ!"

ಗಾಡಿ ಹೋಯಿತು. ಭಾಗ್ಯಶ್ರೀ ತೊಯ್ದು ತೊಪ್ಪೆಯಾಗಿ, ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ಸರಿಯಾಗಿ ನಾರಾಯಣಗೂಡ ಮುಟ್ಟಿದಳು. ಮಧ್ಯಾಹ್ನ ಮನೆಗೆ ಬರುವಾಗ, ಇಂದಿಗೆ ಬ್ಯಾಚ್ ಉಳಿಯಿತು, ನಾಳೆಗೇನು ಎಂಬ ಚಿಂತೆ. ಮನೆಯಲ್ಲಿ ನೋಡಿದರೆ ಬಸಲಿಂಗಮ್ಮ ಮಂಚದ ಮೇಲೆ ಕುಳಿತು ಸೀರೆ ಮಡಚುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆ ಚೀಲ.

"ಕಾಲು ಬಾವು ಇಳೀಲಿ, ಬುಧವಾರ ನಾ ಹೋಗ್ತೀನಿ," ಎಂದಳು.

"ಎಲ್ಲಿಗೆ?" ಎಂದರು ಅಪ್ಪ ಮಗ ಇಬ್ಬರೂ ಕೂಡಿ.

"ಕವಿತಾಳಕ್ಕ. ತವರಿಗೆ. ಆಕಿ ಹೇಳಿದ್ದು ಬರೋಬರಿ ಐತಿ. ಇಬ್ಬರಾಗ ಒಬ್ರು ಹೋಗ್ಬೇಕು. ಆಕಿಗೆ ಕೆಲಸ ಐತಿ. ನನಗೇನೈತಿ? ಪರದಾದ ಮುಂದ ಕುಂತು ಹಾಲು ಉಕ್ತು ಹಾಲು ಉಕ್ತು ಅಂತ ಒದರೂದು."

"ಈ ವಯಸ್ಸಿನಾಗ ತವರಿಗೆ ಹೋಗ್ತಿಯಾ?" ಎಂದ ಅಮೃತಪ್ಪ. "ಮಂದಿ ಏನಂತಾರ?"

"ನಮ್ಮವ್ವ ಇನ್ನೂ ಜೀವಂತ ಅದಾಳ. ಆಕಿ ಇರೂತನಕ ನನಗೂ ತವರ ಐತಿ. ಲಗ್ನಾದ ಮೊದಲ್ನೇ ಆಷಾಢದಾಗ ಒಮ್ಮಿ ಹೋಗಿ ಒಂದು ತಿಂಗಳು ಇದ್ದಾಕಿ. ಆಮ್ಯಾಲ ಯಾವಾಗ ಹೋದ್ರೂ ಎರಡು ದಿನಕ್ಕ ನಿಮ್ಮ ಫೋನು. ರೊಟ್ಟಿ ಇಲ್ಲ, ಬಾ. ಬನೀನು ಸಿಗವಲ್ದು, ಬಾ. ಮಂದಿ ಏನರ ಅನ್ಲಿ. ನೀವು ಮಾತ್ರ ಏನೂ ಅನಬ್ಯಾಡ್ರಿ."

ಅಮೃತಪ್ಪ ಪೆನ್ಸಿಲ್ ಹುಡುಕಲಿಲ್ಲ.

ಬುಧವಾರ ಬೆಳಿಗ್ಗೆ ಬಸಲಿಂಗಮ್ಮ ರಾಯಚೂರು ಬಸ್ಸು ಹತ್ತಿದಳು. ಹತ್ತುವ ಮೊದಲು ಸೊಸೆಯ ಕೈಗೆ ಅಡಿಗೆಮನೆಯ ಕಪಾಟಿನ ಕೀಲಿ ಕೊಟ್ಟು, "ಹಿಂಡಿಗೆ ಬೆಳ್ಳುಳ್ಳಿ ಜಾಸ್ತಿ ಹಾಕು," ಎಂದಳು. ಅಷ್ಟೇ.

ಅಂದೇ ಸಂಜೆ ಭಾಗ್ಯಶ್ರೀ ಪರದೆ ಕಿತ್ತು ಒಗೆಯಲು ಹಾಕಿದಳು. ಗಂಡಸರಿಬ್ಬರನ್ನೂ ನಿಲ್ಲಿಸಿ ಹೇಳಿದಳು: ಬೆಳಿಗ್ಗೆ ಅನ್ನ, ಸಾರು ತಾನು ಮಾಡುವುದು, ಸಂಜೆಯ ರೊಟ್ಟಿ ಬೀದಿಯಲ್ಲಿ ಬಡಿದು ಮಾರುವವರ ಹತ್ತಿರ ಅವರು ತರುವುದು, ಪಾತ್ರೆ ಶಾಂತಕುಮಾರ, ಕಸ ಪಿಂಕಿ, ಬಟ್ಟೆ ಮಡಚುವುದು ಮಾವನವರು. ಅಮೃತಪ್ಪ ಮೊದಲ ದಿನ ಬೀದಿಯ ರೊಟ್ಟಿ ಮುರಿದು, "ಇದು ಹಪ್ಪಳ ಐತಿ, ರೊಟ್ಟಿ ಅಲ್ಲ," ಎಂದು ತಾಟು ಸರಿಸಿದ. ಯಾರೂ ಒತ್ತಾಯ ಮಾಡಲಿಲ್ಲವಾಗಿ ಅರ್ಧ ಗಂಟೆಯ ಮೇಲೆ ತಾಟು ಹತ್ತಿರ ಎಳೆದುಕೊಂಡ. ಶಾಂತಕುಮಾರ ಪಾತ್ರೆ ತೊಳೆದರೆ ಬಚ್ಚಲು ಹಿಡಿದು ಮೂರು ಕಡೆ ನೀರಾಗುತ್ತಿತ್ತು. ಒಂದೊಂದು ಸಲ ಭಾಗ್ಯಶ್ರೀಗೆ, ಕಲಿಸುವುದಕ್ಕಿಂತ ತಾನೇ ತೊಳೆಯುವುದು ಸುಲಭ ಎನಿಸಿಬಿಡುತ್ತಿತ್ತು. ಆದರೂ ತೊಳೆಯಲಿಲ್ಲ. ಒಂದು ದಿನ ಅವನು ಕೇಳದೆಯೇ ಚಹಾ ಮಾಡಿ ತಂದ. ಸಕ್ಕರೆ ಎರಡು ಸಲ ಬಿದ್ದಿತ್ತು. ಅವಳು ಹೊಗಳಲಿಲ್ಲ, ಕುಡಿದಳು.

ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಹೋಗತೊಡಗಿದಳು. ಟೆಸ್ಟಿನ ಫಲಿತಾಂಶ ಬಂದ ಮೇಲೆ ಪ್ರಿನ್ಸಿಪಾಲರು ವೇಳಾಪಟ್ಟಿಯಲ್ಲಿ ಬ್ಯಾಚಿನ ಎದುರು ಅವಳ ಹೆಸರನ್ನು ಅಚ್ಚು ಹಾಕಿಸಿದರು. ಶ್ರೀಹರ್ಷ ಸರ್ ಅಭಿನಂದಿಸಿದ, ಈ ಸಲವೂ ಬಹಳ ಮರ್ಯಾದೆಯಿಂದ.

ಆದರೆ ಮೈ ಸೋತಿತ್ತು. ಕಾಲೇಜು, ಮನೆ, ಮೂರು ಜನರ ಬೆನ್ನು ಹತ್ತಿ ಕೆಲಸ ಮಾಡಿಸುವುದು. ಆಷಾಢ ಮುಗಿಯುವ ನಾಗರ ಅಮಾವಾಸ್ಯೆ ಹತ್ತಿರ ಬಂದಂತೆ, ಅತ್ತೆ ಬಂದರೆ ಸಾಕಪ್ಪ ಎಂದು ಅವಳು ನಿಜವಾಗಿಯೂ ದಿನ ಎಣಿಸತೊಡಗಿದಳು. ಬಾಯಿ ಜೋರಾದರೂ ರೊಟ್ಟಿಯ ಕೈ ದೊಡ್ಡದು.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಸಲಿಂಗಮ್ಮನೇ ಫೋನ್ ಮಾಡಿದಳು.

"ಆಷಾಢ ಮುಗೀತವ್ವ. ನಾಳೆ ಹೊರಡ್ಲೇನು? ನಿಮ್ಮ ಮಾವ ದಿನಾ ಎರಡು ಸಲ ಫೋನ್ ಮಾಡಾಕತ್ತಾರ. ಮನಿ ಹೊಲಸೆದ್ದು ಹೋಗಿರಬೇಕು."

ಭಾಗ್ಯಶ್ರೀ "ಬರ್ರಿ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆಚೆಯಿಂದ ಇನ್ನೊಂದು ದನಿ ಕೇಳಿತು, ಹಳೆಯದು, ನಡುಗುವುದು, ಕಿವಿ ಕೇಳದವರ ದೊಡ್ಡ ದನಿ: "ಬಸ್ಸೀ! ಫೋನ್ ಇಡು ಬಾ. ಎಣ್ಣಿ ಆರಾಕತ್ತೈತಿ. ತಲಿ ಬಿಚ್ಚಿ ಕುಂದ್ರು ಬಾ!" ಬಸಲಿಂಗಮ್ಮ, "ಬಂದೆ ತಡಿಯವ್ವ," ಎಂದು ನಕ್ಕಳು. ಭಾಗ್ಯಶ್ರೀ ಈ ನಗುವನ್ನು ಕುಷಾಯಿಗೂಡದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮೊಮ್ಮಕ್ಕಳನ್ನು ಕಾಣಬೇಕಾದ ವಯಸ್ಸಿನ ಹೆಂಗಸು ಅಲ್ಲಿ ಬಸ್ಸಿ ಆಗಿದ್ದಳು. ಭಾಗ್ಯಶ್ರೀಗೆ ಅಳು ಬಂದಂತಾಯಿತು.

"ಅತ್ತೀ, ಈಗ ಯಾಕ ಬರ್ತೀರಿ? ನಾಲ್ಕು ದಿನಕ್ಕ ನಾಗರ ಪಂಚಮಿ. ಜೋಕಾಲಿ ಆಡಿ, ಉಂಡಿ ತಿಂದು, ಹಬ್ಬ ಮುಗಿಸ್ಕೊಂಡ ಬರ್ರಿ."

ಆಚೆ ಬಸಲಿಂಗಮ್ಮನ ದನಿ ಮೆತ್ತಗಾಯಿತು.

"ಪಂಚಮಿಗೆ ನೀನೂ ತವರಿಗೆ ಹೋಗಬೇಕವ್ವ. ಮೊದಲ್ನೇ ಪಂಚಮಿ ತಪ್ಪಿಸಬಾರದು. ನಿಮ್ಮವ್ವ ದಾರಿ ನೋಡ್ತಿರ್ತಾಳ."

"ಹೋಗ್ತೀನ್ರಿ. ಆಯ್ತಾರ ಕೂಡಿ ಎರಡು ದಿನ ಸೂಟಿ ಐತಿ."

"ನಾ ಇಲ್ಲಿ, ನೀ ಅಲ್ಲಿ. ಮತ್ತ ಮನಿ?"

"ಮನಿ ಎಲ್ಲಿಗೂ ಹೋಗಂಗಿಲ್ರಿ."

ಬಸಲಿಂಗಮ್ಮ ಮತ್ತೆ ನಕ್ಕಳು. "ಪಿಂಕಿನ್ನ ಇಲ್ಲಿಗೆ ಕಳಸು. ಅಜ್ಜಿ ಕೇಳಾಕತ್ತಾಳ," ಎಂದು ಫೋನ್ ಇಟ್ಟಳು.

ಭಾಗ್ಯಶ್ರೀ ತಿರುಗಿದರೆ ಅಡಿಗೆಮನೆಯ ಬಾಗಿಲಲ್ಲಿ ಶಾಂತಕುಮಾರ, ಅವನ ಹಿಂದೆ ಅಮೃತಪ್ಪ.

"ಅವ್ವ ನಾಳೆ ಬರ್ತಾಳಲ್ಲ?" ಎಂದ ಶಾಂತಕುಮಾರ ಆಸೆಯಿಂದ, ಕೈಯಲ್ಲಿ ಪಾತ್ರೆ ತಿಕ್ಕುವ ನಾರು.

"ಇಲ್ಲ. ಪಂಚಮಿ ಮುಗಿಸ್ಕೊಂಡ ಬರ್ತಾರ."

"ಅಲ್ಲೀತನಕ ನೀ ಇರ್ತಿಯಲ್ಲ?"

"ನಾನೂ ಶನಿವಾರ ಲಿಂಗಸೂಗೂರಿಗೆ ಹೊಂಟೀನಿ. ಪಿಂಕಿ ಕವಿತಾಳಕ್ಕ."

ಒಳಗಿನಿಂದ ಪಿಂಕಿ "ಹೋ!" ಎಂದು ಕೂಗಿದ್ದು ಕೇಳಿತು. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಲ್ಲಾರೂ ತವರಿಗೆ ಹೋದ್ರ ನಾವೇನ್ ಮಾಡೂದು?" ಎಂದ ಶಾಂತಕುಮಾರ.

ಭಾಗ್ಯಶ್ರೀ ಪುಸ್ತಕ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿದಳು.

"ನಿಮಗೂ ಒಂದು ತವರ ಇದ್ದಿದ್ರ ಕಳಸ್ತಿದ್ನ್ರಿ. ಏನ್ ಮಾಡೂದು, ನೀವು ಲಗ್ನಾಗಿ ಮನಿ ಬಿಟ್ಟು ಬಂದವರಽ ಅಲ್ಲ," ಎಂದು ಹೇಳಿ, ಮುಂದಿನ ಬಾಗಿಲಿನಿಂದ ಬಸ್ಸಿಗೆ ಹೊರಟಳು.